ಹಿಟ್ಟಿನ ಡಬ್ಬಿಯ ಹಿಂದಿನ ಕಂಪ್ಯೂಟರು

ಸುನಂದಾಳ ಅಂಗೈಯಗಲದ, ಮಡಚುವ ಲಿನಕ್ಸ್ ಕಂಪ್ಯೂಟರಿಗೆ ಈಗ ಹದಿನಾರು ವರ್ಷ. ಬಳ್ಳಾರಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ ತನ್ನ ಸಂಬಳದಲ್ಲಿ ಕೊಂಡಿದ್ದಳು. ಮದುವೆಯಾಗಿ ಕುರುಗೋಡಿಗೆ ಬಂದ ಮೇಲೆ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಮನೆಯಲ್ಲಿ ಬೇರೆಯವರ ಕೈ ಹೋಗದ ಜಾಗ ಅದೊಂದೇ.

ಈ ಭಾನುವಾರ ಅದು ಪಾಸ್‌ವರ್ಡ್ ಒಪ್ಪಲಿಲ್ಲ. ಒಂದೊಂದೇ ಕೀ ಒತ್ತಿ ನೋಡಿದಳು. ಎರಡು ಕೀ ಕೆಲಸ ಮಾಡುತ್ತಿರಲಿಲ್ಲ. ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಲೆಂದು ಮದುವೆಗೆ ಮುಂಚೆ ಅವಳು ಬರೆಯುತ್ತಿದ್ದ ಪ್ರೋಗ್ರಾಂ ಅದರೊಳಗೆ ಅರ್ಧಕ್ಕೆ ನಿಂತಿತ್ತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ.

ಅಂಗಳದಲ್ಲಿ ಗಂಡ ಗವಿಸಿದ್ದೇಶ್ ಅಪ್ಪನ ಕಾಲದ ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ.

"ಸುನಂದಾ, ಚಹಾ ಆತೇನು? ಆ ಕಂಪ್ಯೂಟರ್ನ ಗುಜರಿಗೆ ಹಾಕು ಅಂದ್ರ ಕೇಳಂಗಿಲ್ಲ ನೀನು."

"ನಿಮ್ಮ ಸ್ಕೂಟರ್ ಓಡಿ ಎಷ್ಟು ವರ್ಷ ಆತ್ರಿ?"

"ಅದರ ಮಾತು ಬ್ಯಾರೆ."

"ಹೌದ್ರಿ. ಅದಕ್ಕಾದ್ರ ಅಂಗಳ ಐತಿ."

ಚಹಾ ಕೊಟ್ಟು ಬಂದು, ರೊಟ್ಟಿಗೆ ಎಸರಿಟ್ಟು, ಸೂಜಿಯಿಂದ ಆ ಎರಡು ಕೀಗಳನ್ನು ಮೆಲ್ಲಗೆ ಎಬ್ಬಿಸಿದಳು. ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿದಾಗ ಸಂದಿಯಿಂದ ಜೋಳದ ಹಿಟ್ಟು ಉದುರಿತು. ಈ ಸಲ ಪಾಸ್‌ವರ್ಡ್ ಒಪ್ಪಿತು. ಪ್ರೋಗ್ರಾಂ ತೆರೆದಳು. ಅವಳು ಅಂದು ಬಿಟ್ಟ ಸಾಲಿನ ತುದಿಯಲ್ಲೇ ಕರ್ಸರ್ ಮಿನುಗುತ್ತಿತ್ತು. ಮುಂದಿನ ಸಾಲು ಏನೆಂದು ಅವಳಿಗೆ ತಟ್ಟನೆ ಹೊಳೆಯಿತು. ಬೆರಳು ಕೀಯ ಮೇಲೆ ಇಟ್ಟಳು.

ಎಸರು ಕುದಿಯತೊಡಗಿತು.

ಕಂಪ್ಯೂಟರ್ ಆರಿಸಿ, ಹಿಟ್ಟು ತಾಕದ ಜಾಗಕ್ಕಾಗಿ ಮನೆಯೆಲ್ಲ ಕಣ್ಣಾಡಿಸಿದಳು. ಕೊನೆಗೆ ಹಳೆಯ ರವಿಕೆಯಲ್ಲಿ ಬಿಗಿಯಾಗಿ ಸುತ್ತಿ, ಅದೇ ಡಬ್ಬಿಯ ಹಿಂದೆ ಇಟ್ಟಳು. ಆ ಒಂದು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹಿಟ್ಟು ನಾದಿದಳು.