ಯಾವ ಅಕ್ಷರ ತಪ್ಪಿತು?

ಕನ್ನಡ ಬಲ್ಲವರು ಬೇಕೆಂದು ಎಡಪ್ಪಳ್ಳಿಯ ಒಂದು ಕಾಲ್‌ಸೆಂಟರ್ ಜಾಹೀರಾತು ಕೊಟ್ಟಾಗ ನಾನು ಕೊಚ್ಚಿಗೆ ಹೊಸಬಳು. ಗಂಡನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಕಂಪನಿಯಲ್ಲಿ ಕೆಲಸ. ಮೊದಲ ಸುತ್ತು ಫೋನಿನಲ್ಲೇ ನಡೆಯಿತು. ಕನ್ನಡ ಪರೀಕ್ಷಿಸಿದವರು ಮೈಸೂರಿನ ಕಡೆಯವರು. ಸಿಟ್ಟಾದ ಗ್ರಾಹಕನಂತೆ ರೇಗಿದರು, ನಾನು ಸಮಾಧಾನ ಮಾಡಿದೆ. ಕೊನೆಗೆ ನಕ್ಕೇಬಿಟ್ಟರು.

"ಎಷ್ಟು ದಿನ ಆಗಿತ್ತು ಇಂಥ ಕನ್ನಡ ಕೇಳಿ! ಯಾವೂರು ನಿಮ್ದು?"

"ಯಲ್ಲಾಪುರದ ಹತ್ರ, ಸರ್."

"ನಾಳೆ ಬನ್ನಿ. ಕೆಲ್ಸ ಆಯ್ತು ಅಂತ್ಲೇ ಅಂದ್ಕೊಳ್ಳಿ."

ಮರುದಿನ ಗೇಟಿನಲ್ಲಿ ಸೆಕ್ಯೂರಿಟಿಯವನು ನನ್ನ ಆಧಾರ್ ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಪಾಸ್‌ಪೋರ್ಟ್?" ಎಂದ. ನಾವು ಸಿದ್ದಿಗಳು. ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದು ಎಷ್ಟೋ ತಲೆಮಾರು ಕಳೆದಿವೆ, ಗುಂಗುರು ಕೂದಲು ಮತ್ತು ಮೈಬಣ್ಣ ಉಳಿದಿವೆ. ಇಂಥ ಪ್ರಶ್ನೆಯನ್ನು ಹುಬ್ಬಳ್ಳಿಯಲ್ಲೂ ನನಗೆ ಕೇಳಿದ್ದರು. ನಕ್ಕು ಒಳಗೆ ಹೋದೆ.

ಕೋಣೆಯಲ್ಲಿ ಫೋನಿನ ಆ ಮೈಸೂರಿನವರಿದ್ದರು, ಪಕ್ಕದಲ್ಲಿ ಮ್ಯಾನೇಜರ್ ಮ್ಯಾಡಂ. ನನ್ನನ್ನು ಕಂಡವರೇ ಮೈಸೂರಿನವರು ಇಂಗ್ಲಿಷಿನಲ್ಲಿ, ಈಗ ಕನ್ನಡದವರ ಸರದಿ, ನೀವು ಹೊರಗೆ ಕೂತಿರಿ ಎಂದರು.

"ನಿನ್ನೆ ಫೋನಲ್ಲಿ ಮಾತಾಡಿದ್ದು ನಾನೇ, ಸರ್."

ಅವರಿಗೆ ನನ್ನ ದನಿಯ ಗುರುತು ಸಿಕ್ಕಿತು. ಅವರು ಮ್ಯಾಡಂ ಮುಖ ನೋಡಿದರು, ಆಮೇಲೆ ಮೇಜು ನೋಡುತ್ತ ಕೂತರು. ಒಂದು ಪುಟ ಓದಿಸಿದರು. ತಡವರಿಸದೆ ಓದಿದೆ.

"ಸ್ವಲ್ಪ... ಉಚ್ಚಾರಣೆ," ಎಂದರು.

"ಯಾವ ಅಕ್ಷರ, ಸರ್?"

ಅವರು ಆ ಪುಟವನ್ನು ವಾಪಸ್ ತೆಗೆದುಕೊಂಡರು. ಕನ್ನಡ ಸಹಜವಾಗಿ ಬರುವವರೇ ಬೇಕು, ಹೊರಡಬಹುದು ಎಂದು ಮ್ಯಾಡಂ ಇಂಗ್ಲಿಷಿನಲ್ಲಿ ಹೇಳಿದರು. ಆಕೆಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ.

ಲಿಫ್ಟಿನವರೆಗೂ ಮೈಸೂರಿನವರು ಹಿಂದೆಯೇ ಬಂದರು. "ನಿಮ್ ಕನ್ನಡದಲ್ಲಿ ಏನೂ ತಪ್ಪಿಲ್ಲ," ಎಂದು ಪಿಸುಗುಟ್ಟಿದರು. "ನಾನು ಹೀಗಂದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ."

ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಈಗ ಇಲ್ಲಿ ಉಳ್ಳೂರಿನ ಮನೆಯಿಂದಲೇ ಇನ್ನೊಂದು ಕಂಪನಿಗೆ ಕನ್ನಡ ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ. ಮೀಟಿಂಗಿನಲ್ಲಿ ನೆಟ್ ಸರಿಯಿಲ್ಲವೆಂದು ನೆಪ ಹೇಳಿ ಕ್ಯಾಮೆರಾ ಹಾಕುವುದಿಲ್ಲ, ಟೀಮಿನಲ್ಲಿ ಯಾರೂ ನನ್ನ ಮುಖ ನೋಡಿಲ್ಲ. ಫೋನ್ ಮಾಡಿದ್ದ ಧಾರವಾಡದ ಕಡೆಯ ಅಜ್ಜಿಯೊಬ್ಬರು, "ನಮ್ಮ ಮಗಳ ಕೂಡ ಮಾತಾಡಿದಂಗಾತು ನೋಡವಾ," ಎಂದಿದ್ದರು. ಆ ದಿನವಿಡೀ ಹಗುರವಾಗಿದ್ದೆ.

ಕಳೆದ ವಾರ, ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುವ ಮಲಯಾಳಿ ಟೀಮ್ ಲೀಡರ್ ಫೋನ್ ಮಾಡಿದ. ಇನ್ನು ಗ್ರಾಹಕರೊಂದಿಗೆ ವಿಡಿಯೋ ಕಾಲ್, ಅದಕ್ಕೂ ಮೊದಲು ಎಲ್ಲರೂ ಆಫೀಸಿಗೆ ಬಂದು ಭಾಷಾ ಪರೀಕ್ಷೆ ಕೊಡಬೇಕಂತೆ. ನನ್ನ ಮೇಲೆ ದೂರೇನಾದರೂ ಇದೆಯೇ ಎಂದೆ.

"ಅಯ್ಯೋ, ಇಲ್ಲ ಚೇಚಿ. ನಿಮಗೇನು ಭಯ?"

ಸೋಮವಾರ ಹೋಗಬೇಕು. ಜೊತೆಗೆ ಬರಲೇ ಎಂದು ಗಂಡ ಕೇಳಿದ. ಬೇಡ ಎಂದೆ. ರಾತ್ರಿ ಕನ್ನಡದ ಒಂದು ಪುಟ ತೆಗೆದು, ಒಂದೊಂದೇ ಅಕ್ಷರ ಗಮನಿಸುತ್ತ ಗಟ್ಟಿಯಾಗಿ ಓದಿದೆ.