ಮಿಲಿಟರಿ ಗೇಟಿನ ರಿಜಿಸ್ಟರು

ಗೆಳೆಯರೇ, ಇವತ್ತು ನಾನು ಮಿಲಿಟರಿ ಕ್ಯಾಂಪಿನೊಳಗೆ ಹೋಗಿಬಂದೆ, ದೋಸೆಹಿಟ್ಟಿನ ಡಬ್ಬಿ ಸಮೇತ. ಅಲ್ಲಿದ್ದ ಮೂರು ಗೇಟುಗಳಲ್ಲಿ ಎರಡನ್ನು ಮುಚ್ಚಿದ್ದಾರೆ. ಉಳಿದ ಒಂದರ ಮುಂದಿನ ವಾಹನಗಳ ಸಾಲು ಬೆಂಗಳೂರಿನ ಬಿಟಿಎಂ ಬಡಾವಣೆಯ ನಮ್ಮ ರಸ್ತೆಯವರೆಗೂ ಬಂದಿದೆ. ಅಂಗಡಿಯ ದೋಸೆಹಿಟ್ಟು ಹೊತ್ತು ಮನೆಗೆ ಹೊರಟಿದ್ದ ನನ್ನ ಕಾರು ಬ್ಯಾರಿಕೇಡುಗಳ ನಡುವೆ ಸಿಕ್ಕಿ, ಮುಕ್ಕಾಲು ಗಂಟೆ ತೆವಳಿ, ಸೀದಾ ಆ ಗೇಟಿಗೇ ಬಂದು ನಿಂತಿತು.

“ಪಾಸ್ ತೋರಸ್ರಿ,” ಎಂದ ಕಾವಲಿಗಿದ್ದ ಬಾಗಲಕೋಟೆ ಕಡೆಯ ಸೈನಿಕ.

“ಒಳಗೆ ಬರಲ್ಲ ಸಾರ್, ವಾಪಸ್ ಹೋಗ್ಬೇಕು.”

“ಗಾಡಿ ತಿರಗಸಾಕ ಜಾಗ ಒಳಗೈತ್ರಿ. ಒಳಗ ಬರಾಕ ಪಾಸ್ ಬೇಕ್ರಿ.”

ಬಿಸಿಲಿಗೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎತ್ತಿತ್ತು. ಕೊನೆಗೆ ಸೈನಿಕ ಪಾಸು ಕೊಡಲು ರಿಜಿಸ್ಟರು ಚಾಚಿದ.

“‘ಬಂದ ಕಾರಣ’ ಅಂತಿದೆಯಲ್ಲ, ಏನು ಬರೀಲಿ?”

“ಉಳದವ್ರು ಬರದಿದ್ದು ನೋಡಿ ಬರೀರಿ.”

ನೋಡಿದೆ. ಪುಟದ ತುಂಬ ಒಂದೇ ಉತ್ತರ: ‘ಹೊರಗೆ ಹೋಗಲು.’