ಕಸದ ಗುಡ್ಡದ ಜ್ವರ ಮುಟ್ಟಿ ನೋಡುವ ಬಿಸಿಯಕ್ಕ

ಬೆಳಗಿನ ಐದೂಮುಕ್ಕಾಲು. ನಗರದ ಕಸದ ಗುಡ್ಡಕ್ಕೆ ಇನ್ನೂ ಒಂದು ಲಾರಿಯೂ ಹತ್ತಿಲ್ಲ. ಇಬ್ಬನಿ ಬಿದ್ದ ದಿಬ್ಬದ ಮೇಲೆ ಒಬ್ಬ ಹೆಂಗಸು ಬಗ್ಗಿ, ನೆಲದಲ್ಲಿ ಹೂತ ಪೈಪಿನೊಳಗಿಂದ ಆಳೆತ್ತರದ ಕಬ್ಬಿಣದ ಸರಳೊಂದನ್ನು ಮೇಲಕ್ಕೆಳೆಯುತ್ತಾರೆ. ಅದರ ತುದಿಗೆ ಮೊದಲು ಕೈಯ ಹಿಂಬದಿ ತಾಗಿಸುತ್ತಾರೆ, ಆಮೇಲೆ ಮಣಿಕಟ್ಟಿನ ಒಳಮೈ. ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. "ಮೈಬಿಸಿ" ಎಂದು ತಮಗೆ ತಾವೇ ಹೇಳಿಕೊಂಡು ಸರಳನ್ನು ಮತ್ತೆ ಇಳಿಬಿಟ್ಟು, ಎಡಗಾಲು ತುಸು ಎಳೆಯುತ್ತ ಮುಂದಿನ ಪೈಪಿನತ್ತ ಹೊರಡುತ್ತಾರೆ.

ಇಂಥ ಪೈಪುಗಳು ನಲವತ್ತಾರು. ಎಲ್ಲವನ್ನೂ ಮುಟ್ಟಿ ಮುಗಿಸಲು ಎರಡು ಗಂಟೆ ಬೇಕು, ಮಂಡಿನೋವು ಹೆಚ್ಚಿದ ದಿನ ಎರಡೂವರೆ. ಮೊದಲ ಲಾರಿ ಎಂಟೂವರೆಗೆ ಬರುತ್ತದೆ. ಅದಕ್ಕೆ ಮುಂಚೆ ಗೇಟಿನ ಪಕ್ಕದ ಕಪ್ಪು ಹಲಗೆಯ ನಲವತ್ತಾರು ಚೌಕಗಳಲ್ಲಿ ಸೀಮೆಸುಣ್ಣದಿಂದ ಮೂರರಲ್ಲಿ ಒಂದು ಮಾತು ಬರೆಯಬೇಕು: ಮೈ, ಜ್ವರ, ಇಲ್ಲವೇ ಒಲೆ. ಮೈಬಿಸಿಯಾದರೆ ಚಿಂತೆಯಿಲ್ಲ. ಜ್ವರದ ಬಿಸಿಯಾದರೆ ಸಂಜೆ ಇನ್ನೊಮ್ಮೆ ನೋಡಬೇಕು. ಒಲೆಯ ಬಿಸಿಯಾದರೆ ಆ ಕಡೆ ಯಾರೂ ಕಾಲಿಡುವಂತಿಲ್ಲ. ಜೆಸಿಬಿ ಬಂದು ಅಗೆದು ಮಣ್ಣು ತುಂಬಬೇಕು.

ಕಸ ಕೊಳೆಯುವಾಗ ಒಳಗೊಳಗೇ ಬಿಸಿಯೇರುತ್ತದೆ. ಗಮನಿಸದೆ ಬಿಟ್ಟರೆ, ಮೇಲೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಕೆಂಡದ ಗುಂಡಿಯೇ ಆಗಿರುತ್ತದೆ. ಮೇಲಿನ ಮಣ್ಣು ನೋಡಲು ಗಟ್ಟಿ, ಕಾಲಿಟ್ಟರೆ ಕುಸಿತ. ಇದನ್ನು ಕಂಡುಹಿಡಿಯುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಈ ಒಂದು ಜೊತೆ ಕೈಗಳದ್ದು. ನಗರಸಭೆಯ ಹಾಜರಿಯಲ್ಲಿ ಅವರು 'ನೀರು ಚಿಮುಕಿಸುವವರು'. ಗುಡ್ಡದಲ್ಲಿ ಎಲ್ಲರಿಗೂ ಅವರು ಬಿಸಿಯಕ್ಕ.

ಐವತ್ತೆಂಟರ ಬಿಸಿಯಕ್ಕನಿಗೆ ಹೊಸಬರೆಂದರೆ ಅನುಮಾನ. ತಮ್ಮ ಬಗ್ಗೆ ಬರೆಯಲು ಬಂದವರನ್ನೂ ಅವರು ಮೊದಲು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ಯಾರು ಕಳ್ಸಿದ್ದು ನಿಮ್ಮನ್ನ? ನಗರಸಭೆಯವ್ರಾ, ಕಂಪನಿಯವ್ರಾ?" ಯಾರೂ ಕಳಿಸಿಲ್ಲವೆಂದರೆ ನಂಬುವುದಿಲ್ಲ. "ಯಾರೂ ಕಳ್ಸದೆ ಇಲ್ಲಿಗೆ ಬರೋದು ಕಾಗೆ ಮಾತ್ರ" ಎನ್ನುತ್ತಾರೆ. ಆದರೂ ತಮ್ಮ ಒಂದು ಜೊತೆ ರಬ್ಬರ್ ಬೂಟುಗಳನ್ನು ತಂದು ಮುಂದಿಡುತ್ತಾರೆ. "ಹಾಕ್ಕೊಳಿ. ಚಪ್ಪಲೀಲಿ ಬಂದ್ರೆ ಗಾಜು ಚುಚ್ಚುತ್ತೆ. ಒಳಗೆ ಬಟ್ಟೆ ತುರುಕಿದ್ದೀನಿ, ಸಡಿಲ ಆಗಲ್ಲ."

ಈ ಅನುಮಾನ ಹುಟ್ಟುಗುಣವಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಈ ಗುಡ್ಡ ಹನ್ನೊಂದು ದಿನ ಉರಿದಿತ್ತು. ಆಗ ಅವರ ಗಂಡ ಇಲ್ಲಿ ಕಾವಲುಗಾರ. "ಹಳೇ ಬೂದಿ, ತಾನಾಗೇ ಆರುತ್ತೆ" ಎಂದು ಮೇಲಿನವರು ಮೊದಲ ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ನೀರಿನ ಕೊಳವೆ ಹಿಡಿದು ಮೇಲೆ ಹತ್ತಿದ ಗಂಡನ ಕಾಲಡಿಯ ನೆಲ ಕುಸಿಯಿತು. ಅವರನ್ನು ಹೊರಗೆಳೆದರು, ಉಳಿಸಿಕೊಳ್ಳಲಾಗಲಿಲ್ಲ. ಮಗಳಿಗಾಗ ಒಂಬತ್ತು ವರ್ಷ.

ಆಗಿನ ಇಂಜಿನಿಯರು ಒಬ್ಬ ಮೆದುಮಾತಿನ ಮನುಷ್ಯ. ಒಡೆದ ಕಟ್ಟಡದ ಸರಳುಗಳನ್ನು ತುಂಡು ಮಾಡಿಸಿ, ಹಳೆಯ ಪೈಪುಗಳನ್ನು ತಾವೇ ನಿಂತು ಹೂಳಿಸಿದರು. ಕೆಲಸ ಕೇಳಿ ಬಂದ ಬಿಸಿಯಕ್ಕನ ಕೈಯನ್ನು ಮೊದಲ ಸರಳಿನ ಮೇಲಿಟ್ಟು, "ಯಂತ್ರ ಬರೋವರೆಗೆ ಕೈಯಲ್ಲೇ ನೋಡ್ತಾ ಇರಮ್ಮ" ಎಂದರು. ಇಂಜಿನಿಯರು ನಿವೃತ್ತರಾದರು. ಯಂತ್ರ ಬರಲಿಲ್ಲ. ಈ ಇಪ್ಪತ್ತೆರಡು ವರ್ಷಗಳಲ್ಲಿ ಗುಡ್ಡ ಮತ್ತೆ ಹೊತ್ತಿಕೊಂಡಿಲ್ಲ. ಹೊತ್ತಿಕೊಳ್ಳದ ಬೆಂಕಿ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಆದ್ದರಿಂದ ಬಿಸಿಯಕ್ಕನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಈಗ ಗುಡ್ಡದ ಮುಂದಿನ ಗತಿಯೇನೆಂದು ನಗರಸಭೆ ಯೋಚಿಸುತ್ತಿದೆ. ಮೂರು ದಾರಿಗಳಿವೆ. ಗುಡ್ಡವನ್ನು ಮುಚ್ಚಿ ದೂರದ ಕಲ್ಲುಕ್ವಾರಿಗೆ ಕಸ ಸಾಗಿಸುವುದು ಒಂದು. ಇಪ್ಪತ್ತು ವರ್ಷಕ್ಕೆ ಖಾಸಗಿ ಕಂಪನಿಗೆ ವಹಿಸುವುದು ಇನ್ನೊಂದು. ಈಗಿರುವಂತೆಯೇ ನಗರಸಭೆ ತಾನೇ ನಡೆಸಿಕೊಂಡು ಹೋಗುವುದು ಮೂರನೆಯದು. ಈ ಮೂರನ್ನೂ ತೂಗಿ ನೋಡಿದ ತೊಂಬತ್ತು ಪುಟಗಳ ವರದಿಯೊಂದು ಗೇಟಿನ ಕೋಣೆಯಲ್ಲಿ ಚಹಾದ ಲೋಟದಡಿ ಬಿದ್ದಿತ್ತು. ಬಿಸಿಯಕ್ಕ ಏಳನೆಯ ತರಗತಿ ಓದಿದವರು. ಮೂರು ದಿನ ಊಟದ ಬಿಡುವಿನಲ್ಲಿ ಬೆರಳಿಟ್ಟು ಓದಿದರು. ನಾಯಿಗಳ ಬಗ್ಗೆ ಇತ್ತು, ಹದ್ದುಗಳ ಬಗ್ಗೆ ಇತ್ತು, ಬೇಲಿಯ ಬಣ್ಣದ ಬಗ್ಗೆಯೂ ಇತ್ತು. ಅರವತ್ತೊಂದನೆಯ ಪುಟದಲ್ಲಿ ಕಡೆಗೂ ಸಿಕ್ಕಿತು: 'ಒಳಬಿಸಿಯ ತಪಾಸಣೆ: ಅನ್ವಯಿಸುವುದಿಲ್ಲ.'

"ನಾನು ಇಲ್ಲ ಅಂತ ಬರೆದ್ರೆ ಪರವಾಗಿಲ್ಲ. ಬಿಸೀನೇ ಇಲ್ಲ ಅಂತ ಬರೆದಿದ್ದಾರಲ್ಲ!" ಎನ್ನುವಾಗ ಅವರ ದನಿ ಏರುತ್ತದೆ.

ವರದಿಯ ಹಿಂದೆಯೇ ಕಂಪನಿಯ ಕಡೆಯ ಮೂವರು ಬಂದರು. ಮುಕ್ಕಾಲಿಯ ಮೇಲೆ ದುರ್ಬೀನಿಟ್ಟು ಗುಡ್ಡ ಅಳೆದರು. ಅವರ ಬೂಟುಗಳಲ್ಲಿ ಮಣ್ಣಿರಲಿಲ್ಲ. ಒಬ್ಬ ನಕ್ಕು ಬಿಸ್ಕತ್ತಿನ ಪೊಟ್ಟಣ ಕೊಟ್ಟ. ಬಿಸಿಯಕ್ಕ ಅದನ್ನು ಒಡೆಯದೆ ಮನೆಗೆ ಒಯ್ದರು. ಮನೆಯೆಂದರೆ ಗೇಟಿನಿಂದ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಬಸ್ ಡಿಪೋದಲ್ಲಿ ಕೆಲಸಕ್ಕಿರುವ ಮಗಳು ಮತ್ತು ಅವರು, ಇನ್ನೊಂದರಲ್ಲಿ ಎಂಬತ್ತನಾಲ್ಕರ ಅತ್ತೆ. ಅತ್ತೆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಪುಕ್ಕಟೆ ಕೊಟ್ರಾ?"

"ಹೂಂ ಅತ್ತೆ."

"ನಗ್ತಾ ಕೊಟ್ರಾ?"

"ನಗ್ತಾನೇ ಕೊಟ್ರು."

"ಹಾಗಾದ್ರೆ ಏನೋ ಕಿತ್ಕೊಳ್ಳೋಕೇ ಬಂದಿದ್ದಾರೆ ಕಣೇ. ಹುಷಾರು." ಇಷ್ಟು ಹೇಳಿ ಅತ್ತೆ ಪೊಟ್ಟಣ ಒಡೆದು, "ವಿಷ ಇದ್ರೆ ಮುದುಕಿ ನಾನೇ ಹೋಗ್ತೀನಿ" ಎಂದು ನಾಲ್ಕು ಬಿಸ್ಕತ್ತು ತಿಂದರು. ಎರಡನ್ನು ಸೊಸೆಗೆಂದು ತೆಗೆದಿಟ್ಟರು.

ಅದಾದ ಮರುದಿನ, ಶನಿವಾರ ಬೆಳಿಗ್ಗೆ, ಬಿಸಿಯಕ್ಕ ಪೂರ್ವದ ಇಳಿಜಾರಿಗೆ ಹೋದರೆ ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರನೆಯ ಪೈಪುಗಳು ತಮ್ಮ ಜಾಗದಲ್ಲಿಲ್ಲ. ಇಳಿಜಾರಿನ ಮೇಲೆ ಹೊಸ ಮಣ್ಣು ಹರಡಿದೆ. ಮೂರೂ ಪೈಪುಗಳು ಕೆಳಗಿನ ಸಮತಟ್ಟಿನಲ್ಲಿ, ಸಾಲಾಗಿ, ಚೊಕ್ಕವಾಗಿ ನಿಂತಿವೆ. ಸರಳು ಎಳೆದು ನೋಡಿದರು. ಮೂರೂ ಮೈಬಿಸಿ.

ವರದಿಯ ಕೊನೆಯಲ್ಲಿದ್ದ ಕಂಪನಿಯವರ ನಕ್ಷೆಯಲ್ಲಿ ಕಸ ವಿಂಗಡಿಸುವ ಶೆಡ್ಡು ಬರುವುದು ಆ ಇಳಿಜಾರಿನ ಮೇಲೆಯೇ. ಬಿಸಿಯಕ್ಕ ಕೂಡಿಸಿ ನೋಡಿದರು. ಜಾಗ ತಣ್ಣಗಿದೆ ಎಂದು ತೋರಿಸಬೇಕು, ಅದಕ್ಕೇ ದುರ್ಬೀನಿನವರು ಪೈಪು ಕಿತ್ತಿದ್ದಾರೆ. ಬೇರೆ ಯಾರಿಗೆ ಬೇಕಿತ್ತು ಈ ಕೆಲಸ? ಮೇಲ್ವಿಚಾರಕರಿಗೆ ಹೇಳೋಣವೆಂದರೆ, ಅವರೂ ಅದರಲ್ಲಿ ಸೇರಿದ್ದರೆ? ಜೆಸಿಬಿ ಓಡಿಸುವ ಡ್ರೈವರ್ ಹದಿನಾಲ್ಕು ವರ್ಷಗಳ ಒಡನಾಡಿ, ಬಿಸಿಯಕ್ಕ ಅವನನ್ನು 'ತಮ್ಮ' ಎಂದೇ ಕರೆಯುವುದು. ಆದರೆ ಕಂಪನಿ ಅವನಿಗೆ ಕೆಲಸ ಕೊಡುತ್ತೇನೆಂದಿದೆ ಎಂಬ ಸುದ್ದಿ ಇತ್ತು. ಅವನಿಗೂ ಹೇಳಲಿಲ್ಲ. ಗುಡ್ಡದ ಮೇಲೆ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ, ಹಲಗೆಯ ಮೇಲೆ ಮೂರೂ ಚೌಕಗಳಲ್ಲಿ 'ಮೈ' ಎಂದೇ ಬರೆದರು. ಭಾನುವಾರವೂ ಬರೆದರು. ಸೋಮವಾರ, ಮಂಗಳವಾರವೂ.

"ಮುಟ್ಟಿದ್ದು ನಿಜ, ಬರೆದಿದ್ದು ನಿಜ. ಆದ್ರೂ ಹಲಗೆ ಸುಳ್ಳು ಹೇಳ್ತಿತ್ತು" ಎಂದು ಅವರು ಈಗಲೂ ನೆಲ ನೋಡುತ್ತಲೇ ಹೇಳುತ್ತಾರೆ. ಆ ನಾಲ್ಕು ದಿನ ಡ್ರೈವರ್ ಎಂದಿನಂತೆ ತನ್ನ ಫ್ಲಾಸ್ಕಿನ ಮೊದಲ ಲೋಟ ಚಹಾವನ್ನು ಜೆಸಿಬಿಯ ಮೆಟ್ಟಿಲ ಮೇಲೆ ಅವರಿಗೆಂದು ಇಡುತ್ತಿದ್ದ. ಬಿಸಿಯಕ್ಕ ಮೂಸಿ ನೋಡಿ, ಮಣ್ಣಿಗೆ ಸುರಿಯುತ್ತಿದ್ದರು. "ಯಾಕಕ್ಕ, ಸಕ್ಕರೆ ಕಮ್ಮಿ ಆಯ್ತಾ?" ಎಂದು ಆತ ಮರುದಿನ ಇನ್ನೊಂದು ಚಮಚ ಹೆಚ್ಚು ಹಾಕಿ ತಂದ. ಅದು ಅವರ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಬುಧವಾರ ಬೆಳಿಗ್ಗೆ ನಗರಸಭೆಯ ಒಂಬತ್ತು ಸದಸ್ಯರು ಗುಡ್ಡ ನೋಡಲು ಬರುವವರಿದ್ದರು. ಮಾರನೆಯ ದಿನವೇ ಸಭೆ. ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಮೇಲ್ವಿಚಾರಕರು ಸುಣ್ಣದ ಗೆರೆ ಎಳೆಸಿದ್ದರು. ಗೆರೆ ಪೂರ್ವದ ಇಳಿಜಾರಿನ ನೆತ್ತಿಗೇ ಹೋಗಿ ನಿಂತಿತ್ತು. ಅಲ್ಲಿಂದ ಇಡೀ ಗುಡ್ಡ ಕಾಣುತ್ತದೆ. ಕೇಳಿದರೆ, "ಹಲಗೇಲಿ ನೀನೇ ತಣ್ಣಗಿದೆ ಅಂತ ಬರೆದಿದ್ದೀಯಲ್ಲಮ್ಮ. ಅದಕ್ಕೇ ಆ ದಾರಿ" ಎಂದರು.

ಬಿಸಿಯಕ್ಕ ತಿರುಗಿ ಇಳಿಜಾರಿನತ್ತ ನೋಡಿದರು. ಮಂಜು ಮುಸುಕಿ ಬಿಸಿಲು ಇನ್ನೂ ಬಿದ್ದಿರಲಿಲ್ಲ. ಹೊಸ ಮಣ್ಣೆಲ್ಲ ಇಬ್ಬನಿಯಿಂದ ಕಪ್ಪಾಗಿತ್ತು. ನೆತ್ತಿಯ ಹತ್ತಿರ ಮಾತ್ರ ಚಾಪೆಯಗಲದ ಜಾಗ, ಒಣಗಿ ಬಿಳಿಚಿಕೊಂಡಿತ್ತು.

ಉಳಿಕೆಯ ಸರಳೊಂದನ್ನು ಊರುಗೋಲಿನಂತೆ ಹಿಡಿದು ಮೇಲೆ ಹತ್ತಿದರು. ಕಡೆಯ ನಾಲ್ಕು ಮಾರು ದೂರವನ್ನು ಕೈಯೂರಿ ಹತ್ತಬೇಕಾಯಿತು. ಒಣಗಿದ ಜಾಗಕ್ಕೆ ಕಾಲಿಡದೆ, ಅಂಚಿನಲ್ಲಿ ಮೊಣಕಾಲೂರಿ ಸರಳನ್ನು ಒಳಕ್ಕೆ ಒತ್ತಿ, ನೂರು ಎಣಿಸಿ, ಎಳೆದು ಮುಟ್ಟಿದರು. ಕೈಯ ಹಿಂಬದಿಯಲ್ಲಿ ಎದ್ದ ಬೊಬ್ಬೆ ಒಂದು ವಾರ ಕಳೆದರೂ ಆರಿಲ್ಲ.

ಅಷ್ಟರಲ್ಲಿ ಸದಸ್ಯರು ಗೆರೆ ಹಿಡಿದು ಬರುತ್ತಿದ್ದರು. ಬಿಸಿಯಕ್ಕ ಸರಳನ್ನು ಅಡ್ಡ ಹಿಡಿದು ನಿಂತುಬಿಟ್ಟರು. "ಯಾರೂ ಮೇಲೆ ಬರಬೇಡಿ. ಒಲೆ ಇದೆ!"

"ನಿನ್ನೆವರೆಗೂ ಮೈಬಿಸಿ ಅಂತ ಬರೀತಾ ಇದ್ದವಳು ಇವತ್ತು ಒಲೆ ಅಂತೀಯಾ? ಯಾರು ಹೇಳ್ಕೊಟ್ರು ನಿನಗೆ?" ಮೇಲ್ವಿಚಾರಕರ ಮುಖ ಕೆಂಪಾಯಿತು. ಕಂಪನಿ ಬೇಡವೆನ್ನುವ ಸದಸ್ಯರು ಕಂಪನಿ ಬೇಕೆನ್ನುವವರನ್ನು ನೋಡಿದರು. ಅವರು ಇವರನ್ನು ನೋಡಿದರು. ಈ ಹೆಂಗಸನ್ನು ನಿಲ್ಲಿಸಿದ್ದು ಎದುರು ಪಕ್ಷದವರೇ ಎಂದು ಇಬ್ಬರಿಗೂ ಖಾತ್ರಿಯಾದಂತಿತ್ತು.

"ಪೈಪು ಕಿತ್ತವರನ್ನ ಕೇಳಿ!" ಎಂದರು ಬಿಸಿಯಕ್ಕ. "ಶುಕ್ರವಾರದವರೆಗೂ ಇಲ್ಲಿದ್ದ ಮೂರು ಪೈಪು ಕೆಳಗೆ ಯಾರು ಇಟ್ರು, ಅವರನ್ನ ಕೇಳಿ!"

ಆಮೇಲೆ ಜೆಸಿಬಿಯ ಇಂಜಿನ್ ನಿಂತಿತು. ಡ್ರೈವರ್ ಇಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಂದ.

"ನಾನೇ ಅಕ್ಕ. ಶುಕ್ರವಾರ ಸಂಜೆ."

"ನೀನಾ? ಎಷ್ಟು ಕೊಟ್ರೋ ನಿನಗೆ?"

"ಯಾರೂ ಏನೂ ಕೊಟ್ಟಿಲ್ಲ. ನೀನು ಮಂಡಿ ಹಿಡ್ಕೊಂಡು ಕೂತು ಕೂತು ಈ ಇಳಿಜಾರು ಹತ್ತೋದು ನನಗೆ ಸೀಟಿಂದ ಕಾಣುತ್ತೆ. ಮಣ್ಣು ಹರಡುವಾಗ ಹೇಗೂ ಕೀಳಬೇಕಿತ್ತು. ಕೆಳಗೆ ಇಟ್ರೆ ನಿನಗೆ ಸಲೀಸಾಗುತ್ತೆ ಅಂತ ಇಟ್ಟೆ. ಬಿಸಿ ಎಲ್ಲಾ ಕಡೆ ಒಂದೇ ತರ ಇರುತ್ತೆ ಅಂದ್ಕೊಂಡೆ." ಆತನ ದನಿ ತಗ್ಗಿತು. "ನೀನು ಕೇಳ್ತೀಯ, ಆಗ ಹೇಳಿ ನಗಿಸೋಣ ಅಂತಿದ್ದೆ. ನೀನು ಕೇಳ್ಲೇ ಇಲ್ವಲ್ಲಕ್ಕ."

ಬಿಸಿಯಕ್ಕ ಅಲ್ಲೇ ಕುಳಿತುಬಿಟ್ಟರು. ಸದಸ್ಯರಲ್ಲಿ ವಯಸ್ಸಾದ ಹೆಂಗಸೊಬ್ಬರು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು, ಬೊಬ್ಬೆ ಎದ್ದ ಕೈಯ ಮೇಲೆ ನಿಧಾನವಾಗಿ ನೀರು ಬಿಟ್ಟರು. ಬಾಟಲಿ ಖಾಲಿಯಾಗುವವರೆಗೂ ಬಿಟ್ಟರು.

ಒಂದು ಗಂಟೆಯ ಮೇಲೆ ಜೆಸಿಬಿ ದೂರದಿಂದ ಕೈ ಚಾಚಿ ಆ ಜಾಗವನ್ನು ತೆರೆಯಿತು. ಮೊಳಕಾಲುದ್ದದ ಮಣ್ಣಿನಡಿ ಕೆಂಪಗೆ ಹೊಳೆಯಿತು. ಒಂಬತ್ತೂ ಮಂದಿ ಸುಣ್ಣದ ಗೆರೆಯ ಮೇಲೆ ನಿಂತು ನೋಡಿದರು. ಹನ್ನೆರಡು ಲೋಡು ಮಣ್ಣು ಬಿದ್ದ ಮೇಲೆ ಅದು ತಣಿಯಿತು.

ಗುರುವಾರದ ಸಭೆ ನಾಲ್ಕು ಗಂಟೆ ನಡೆದು, ತೀರ್ಮಾನ ಎರಡು ತಿಂಗಳು ಮುಂದಕ್ಕೆ ಹೋಗಿದೆ. ಮೂರು ದಾರಿಗಳೂ ಹಾಗೇ ಇವೆ. ಅರವತ್ತೊಂದನೆಯ ಪುಟವನ್ನು ತಿದ್ದುವುದಾಗಿ ಈಗಿನ ಇಂಜಿನಿಯರು ಬರೆದುಕೊಂಡರಂತೆ. ಬಿಸಿಯಕ್ಕನಿಗೆ ಅದರಲ್ಲಿ ನಂಬಿಕೆ ಕಡಿಮೆ. "ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ. ಅವ್ರು ಬರ್ಕೊಂಡಿದ್ದೆಲ್ಲ ಕೊನೆಗೆ ಇಲ್ಲಿಗೇ ಬರುತ್ತೆ, ಲಾರೀಲಿ." ನೀರು ಬಿಟ್ಟ ಸದಸ್ಯೆ ಮನೆಗೆ ಮುಲಾಮು ಕಳಿಸಿದ್ದಾರೆ. ಅದನ್ನು ಮೊದಲು ಅತ್ತೆ ಹಚ್ಚಿಕೊಂಡು ನೋಡಿದ್ದಾರೆ.

ಮೂರು ಪೈಪುಗಳು ಮತ್ತೆ ಇಳಿಜಾರಿಗೆ ಹೋಗಿವೆ. ಡ್ರೈವರ್ ಜೆಸಿಬಿಯ ಹಲ್ಲಿನಿಂದಲೇ ಮಣ್ಣಿನಲ್ಲಿ ಹನ್ನೊಂದು ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಹಗ್ಗ ಕಟ್ಟಿಕೊಟ್ಟಿದ್ದಾನೆ. ಬಿಸಿಯಕ್ಕ ಪ್ರತಿ ಮೆಟ್ಟಿಲನ್ನೂ ಸರಳಿನಿಂದ ಕುಟ್ಟಿ ನೋಡಿಯೇ ಕಾಲಿಡುತ್ತಾರೆ. "ಇನ್ನೂ ನಂಬಿಕೆ ಬಂದಿಲ್ವಾ ಅಕ್ಕ?" ಎಂದು ಆತ ಕೆಳಗಿನಿಂದ ಕೂಗುತ್ತಾನೆ. "ನಿನ್ನ ಮೇಲಿದೆ ಕಣೋ. ಮಣ್ಣಿನ ಮೇಲಿಲ್ಲ" ಎಂದು ಇವರು ಮೇಲಿನಿಂದ ಕೂಗುತ್ತಾರೆ. ಚಹಾವನ್ನು ಮಾತ್ರ ಈಗ ಮೂಸದೆ ಕುಡಿಯುತ್ತಾರೆ, ಸಕ್ಕರೆ ಜಾಸ್ತಿಯಾಯಿತೆಂದು ಬೈಯುತ್ತಲೇ.

ಎಂಟು ಗಂಟೆ ಹೊಡೆಯುತ್ತದೆ. ನಲವತ್ತಾರನೆಯ ಸರಳನ್ನು ಇಳಿಬಿಟ್ಟು, ಹಲಗೆಯ ಮುಂದೆ ನಿಂತ ಬಿಸಿಯಕ್ಕನನ್ನು ಕೇಳಿದರೆ, ಮೂರರಲ್ಲಿ ಯಾವ ದಾರಿ ಆಗಬೇಕೆಂದು ಅವರಿಗೆ ಹಟವಿಲ್ಲ.

"ಕಂಪನಿಗಾದ್ರೂ ಕೊಡ್ಲಿ, ಕ್ವಾರಿಗಾದ್ರೂ ಒಯ್ಲಿ, ನನ್ನನ್ನ ಮನೆಗಾದ್ರೂ ಕಳಿಸ್ಲಿ. ಬೆಳಿಗ್ಗೆ ಲಾರಿ ಹತ್ತೋಕೆ ಮುಂಚೆ ಯಾರಾದ್ರೂ ಒಬ್ರು ಇದನ್ನ ಮುಟ್ಟಿ ನೋಡ್ಬೇಕು. ಯಾರು ಅಂತ ಹೇಳಿದ್ರೆ ನಾನೇ ಕಲಿಸಿಕೊಟ್ಟು ಹೋಗ್ತೀನಿ." ಸೀಮೆಸುಣ್ಣ ಒರೆಸಿಕೊಂಡು ಒಂದು ಮಾತು ಸೇರಿಸುತ್ತಾರೆ: "ಒಂದ್ಸಲ ಕಲಿಸಿದ್ರೆ ಸಾಲಲ್ಲ. ಅವರು ಸರಿಯಾಗಿ ಮುಟ್ತಾರಾ ಅಂತ ಒಂದು ತಿಂಗಳು ಪಕ್ಕದಲ್ಲೇ ನಿಂತು ನೋಡ್ತೀನಿ."